ಘಾಟಿ ಮಳೆಗೆ ತಕ್ಕ ಟೈರ್: ನನ್ನ ಪೋಲೊ ಜಿಟಿಗೆ ನಾನು ಆರಿಸಿದ್ದು

2022ರ ಜುಲೈ. ಚಿಕ್ಕಮಗಳೂರಿನಿಂದ ಮಂಗಳೂರಿಗೆ ವಾಪಸ್ ಬರುತ್ತಿದ್ದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಮಳೆ ಹಿಡಿದುಕೊಂಡಿತು. ಒಂದು ತಿರುವಿಗೆ ಮುಂಚೆ ಬ್ರೇಕ್ ಒತ್ತಿದೆ. ಕಾಲಡಿ ಪೆಡಲ್ ಗಡಗಡ ನಡುಗಿತು, ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಕೆಲಸಕ್ಕೆ ಇಳಿದಿತ್ತು. ಸ್ಟಿಯರಿಂಗ್ ತಿರುಗಿಸಿದರೂ ಕಾರು ಒಂದು ಕ್ಷಣ ನೇರಕ್ಕೇ ಹೋಯಿತು. ಆಮೇಲೆ ಹಿಡಿತ ಸಿಕ್ಕಿತು. ನನ್ನ ವೇಗ ಆಗ 30 ಇದ್ದಿರಬಹುದು, ಅಷ್ಟೇ. ಹಿಂದಿನ ಸೀಟಿನಲ್ಲಿ ಅಮ್ಮ ಕೂತಿದ್ದರು.

ಮನೆಗೆ ಬಂದವನೇ ಟೈರ್ ನೋಡಿದೆ. ಬೋಳಾಗಿರಲಿಲ್ಲ. ಗೇಜ್ ಇಟ್ಟರೆ ಟೈರಿನ ಮೇಲಿನ ಸಾಲುಗಳ ಆಳ ಇನ್ನೂ 3 ಮಿ.ಮೀ. ತೋರಿಸುತ್ತಿತ್ತು. ಕಾನೂನಿನ ಮಿತಿ 1.6. ಹಾಗಾದರೆ ಜಾರಿದ್ದು ಯಾಕೆ? ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಬರೆದಿರುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿದೆ: 2216. ಅಂದರೆ 2016ರ 22ನೇ ವಾರ ತಯಾರಾದದ್ದು. ಆರು ವರ್ಷ ಬಿಸಿಲು ಕುಡಿದ ರಬ್ಬರ್. ಉಗುರು ಒತ್ತಿದರೆ ಗುರುತೇ ಬೀಳುತ್ತಿರಲಿಲ್ಲ, ಸಾಲುಗಳ ಬುಡದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು. ಸಾಲುಗಳ ಆಳ ಉಳಿದಿದೆ ಅಂದ ಮಾತ್ರಕ್ಕೆ ಟೈರ್ ಉಳಿದಿದೆ ಅಂತ ಅಲ್ಲ, ಇದು ನನಗೆ ಆ ದಿನ ಗೊತ್ತಾಯಿತು.

ಕಾರು 2016ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್ಐ. 1.2 ಲೀಟರ್ ಟರ್ಬೊ ಎಂಜಿನ್, 105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್. ಇಷ್ಟು ಎಳೆತವನ್ನೆಲ್ಲ ರಸ್ತೆಗೆ ಇಳಿಸುವುದು ಮುಂದಿನ ಎರಡು ಚಕ್ರ. ಒದ್ದೆ ರಸ್ತೆಯಲ್ಲಿ ಸ್ವಲ್ಪ ಜಾಸ್ತಿ ಒತ್ತಿದರೂ ಚಕ್ರ ಸುಮ್ನೆ ತಿರುಗುತ್ತಿತ್ತು. ಕಂಪನಿಯಿಂದ ಬಂದ ಅಳತೆ 185/60 ಆರ್15. ಟೈರ್ ಹೇಗೂ ಬದಲಿಸಬೇಕು, ಸೈಜ್ ಸ್ವಲ್ಪ ಏರಿಸೋಣ ಅಂತ ಲೆಕ್ಕಕ್ಕೆ ಕೂತೆ.

ಲೆಕ್ಕ ಸುಲಭ. ಮೊದಲ ಅಂಕಿ ಅಗಲ, ಮಿ.ಮೀ.ನಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಕ್ಕದ ಗೋಡೆಯ ಎತ್ತರ ಅಂತ. 185ರ ಶೇಕಡಾ 60 ಅಂದರೆ 111 ಮಿ.ಮೀ. ಮೇಲೊಂದು ಕೆಳಗೊಂದು, ಒಟ್ಟು 222. 15 ಇಂಚಿನ ರಿಮ್ ಅಂದರೆ 381 ಮಿ.ಮೀ. ಕೂಡಿಸಿದರೆ ಚಕ್ರದ ಪೂರ್ತಿ ಎತ್ತರ 603. ಹೊಸ ಟೈರ್ ಈ 603ರಿಂದ ಶೇಕಡಾ 2ಕ್ಕಿಂತ ಆಚೀಚೆ ಹೋಗಬಾರದು ಅಂತ ನಾನೇ ಒಂದು ಗೆರೆ ಹಾಕಿಕೊಂಡೆ. ಜಾಸ್ತಿ ಹೋದರೆ ಸ್ಪೀಡೊಮೀಟರ್ ತಪ್ಪು ಹೇಳುತ್ತದೆ, ಪಿಕಪ್ ಕೂಡ ಬದಲಾಗುತ್ತದೆ.

195/55 ಆರ್15 ಹಾಕಿದರೆ 595 ಚಿಲ್ಲರೆ. ತಿರುವಿನಲ್ಲಿ ಚುರುಕು, ಆದರೆ ಕಾರು ಸುಮಾರು 4 ಮಿ.ಮೀ. ಕೆಳಗಿಳಿಯುತ್ತದೆ. ನಮ್ಮೂರ ಹಂಪ್‌ಗಳಿಗೆ ಅದು ಬೇಡ. 205/55 ಆರ್15 ಲೆಕ್ಕದಲ್ಲಿ ಚೆನ್ನಾಗಿ ಕೂರುತ್ತದೆ, 606.5. ಆದರೆ ಅಗಲ ಜಾಸ್ತಿಯಾದಷ್ಟು ನಿಂತ ನೀರಿನ ಮೇಲೆ ಟೈರ್ ಬೇಗ ತೇಲುತ್ತದೆ. ವರ್ಷದ ನಾಲ್ಕು ತಿಂಗಳು ನೀರಿನಲ್ಲೇ ಓಡಿಸುವವನಿಗೆ ಇದು ಸಣ್ಣ ವಿಷಯ ಅಲ್ಲ. ಉಳಿದದ್ದು 195/60 ಆರ್15. ಎತ್ತರ 615, ಸರಿಯಾಗಿ ಶೇಕಡಾ 2 ಹೆಚ್ಚು. ನನ್ನ 6 ಇಂಚು ಅಗಲದ ರಿಮ್‌ಗೆ ಹೇಳಿ ಮಾಡಿಸಿದ ಅಳತೆ.

ದೊಡ್ಡ ಅಲಾಯ್ ಚಕ್ರದ ಆಸೆ ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ. ಗೆಳೆಯ ತನ್ನ ಕಾರಿಗೆ 205/45 ಆರ್17 ಹಾಕಿಸಿದ್ದ. ನೋಡಲು ಬಲು ಚಂದ. ಅದರ ಪಕ್ಕದ ಗೋಡೆ ಬರೀ 92 ಮಿ.ಮೀ. ಹೆದ್ದಾರಿಯಲ್ಲಿ ನೀರು ತುಂಬಿದ ಒಂದು ಗುಂಡಿಗೆ ಚಕ್ರ ಇಳಿಯಿತು. ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಗುಳ್ಳೆ ಎದ್ದಿತು. ಒಳಗಿನ ದಾರ ಹರಿದರೆ ಹೀಗಾಗುತ್ತದೆ. ಪಂಕ್ಚರ್ ಥರ ತೇಪೆ ಹಾಕುವಂತಿಲ್ಲ, ಟೈರನ್ನೇ ಎಸೆಯಬೇಕು. ರಿಮ್ ಕೂಡ ಸೊಟ್ಟಗಾಗಿತ್ತು. 195/60ರ ಗೋಡೆ 117 ಮಿ.ಮೀ. ನಮ್ಮ ರಸ್ತೆಯಲ್ಲಿ ಆ 25 ಮಿ.ಮೀ. ರಬ್ಬರೇ ಕಾರನ್ನು ಕಾಯುವುದು. ಸ್ಪೋರ್ಟಿ ಕಾರು ಇರುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ: ರಿಮ್ ದೊಡ್ಡದು ಮಾಡಬೇಡಿ, ಆ ದುಡ್ಡನ್ನು ಒಳ್ಳೆಯ ರಬ್ಬರಿಗೆ ಹಾಕಿ.

ಅಂಗಡಿಯವರು ಮೊದಲು ತೋರಿಸಿದ್ದು ಜಾಸ್ತಿ ಬಾಳಿಕೆ ಬರುವ ಗಟ್ಟಿ ಟೈರ್. "ಅರವತ್ತು ಸಾವಿರ ಓಡ್ತದೆ ಸಾರ್, ಚಿಂತೆಯೇ ಬೇಡ" ಅಂದರು. ನಾನು ವರ್ಷಕ್ಕೆ ಓಡಿಸುವುದೇ ಏಳೆಂಟು ಸಾವಿರ ಕಿ.ಮೀ. ಅಷ್ಟು ಓಡುವ ಹೊತ್ತಿಗೆ ರಬ್ಬರ್ ಮತ್ತೆ ಕಲ್ಲಾಗಿರುತ್ತದೆ, ಅಲ್ವಾ? ಬೇಗ ಸವೆದರೂ ಪರವಾಗಿಲ್ಲ, ಒದ್ದೆಯಲ್ಲಿ ಹಿಡಿಯಬೇಕು ಅಂದೆ. ಅಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ತಲೆ ಎತ್ತಿ, "ನೀವು ಹೋಗುವುದು ಘಾಟಿಯಲ್ಲಾ ಮಾರಾಯ್ರೆ? ಹಾಗಾದ್ರೆ ಮೆತ್ತಗಿರುವುದೇ ತಗೊಳ್ಳಿ" ಅಂದರು. ಕೊನೆಗೆ ಕಾಂಟಿನೆಂಟಲ್ ಯುಸಿ6, ಮಿಶೆಲಿನ್ ಪ್ರೈಮಸಿ 4 ಎಸ್‌ಟಿ ಎರಡರ ನಡುವೆ ನಿಂತೆ. ಸದ್ದು ಕಡಿಮೆ ಇರಲಿ ಅಂತ ಪ್ರೈಮಸಿ ತೆಗೆದುಕೊಂಡೆ.

ಅಳತೆಯ ಪಕ್ಕದಲ್ಲಿ 88ವಿ ಅಂತ ಇತ್ತು. 88 ಅಂದರೆ ಒಂದು ಟೈರ್ 560 ಕೆಜಿ ಹೊರುತ್ತದೆ, ವಿ ಅಂದರೆ ಗಂಟೆಗೆ 240 ಕಿ.ಮೀ. ತಾಳುತ್ತದೆ. ಹಳೇ ಟೈರಿನದು 84, ಅಂದರೆ 500 ಕೆಜಿ. ಈ ಅಂಕಿ ಮೇಲಕ್ಕೆ ಹೋಗಬಹುದು, ಕೆಳಗೆ ಮಾತ್ರ ಇಳಿಯಬಾರದು.

ಹಾಕಿಸುವ ದಿನ ಅಲ್ಲೇ ನಿಂತಿದ್ದೆ. ನಾಲ್ಕರಲ್ಲಿ ಒಂದು ಟೈರ್ ಉಳಿದವಕ್ಕಿಂತ ಒಂದೂವರೆ ವರ್ಷ ಹಳೆಯದು. ಬೇಡ ಅಂದೆ, ಬೇರೆ ತರಿಸಿಕೊಟ್ಟರು. ಈ ಟೈರಿನ ಒಳಮೈ ಹೊರಮೈ ಡಿಸೈನ್ ಬೇರೆ ಬೇರೆ, ಔಟ್‌ಸೈಡ್ ಅಂತ ಬರೆದ ಬದಿ ಹೊರಗೇ ಬರಬೇಕು. ನಾಲ್ಕಕ್ಕೂ ಹೊಸ ವಾಲ್ವ್ ಹಾಕಿಸಿದೆ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಹೇಗೂ ಆಗಬೇಕು. ಬೋಲ್ಟ್‌ಗಳನ್ನು ಬಿಗಿಯುವ ಮಷೀನಿನಲ್ಲೇ ಪೂರ್ತಿ ಬಿಗಿಯಲು ಬಿಡಲಿಲ್ಲ. ಕೊನೆಯ ಬಿಗಿತ, ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ವ್ರೆಂಚಿನಲ್ಲಿ, 120 ನ್ಯೂಟನ್ ಮೀಟರ್. ಆಮೇಲೆ ಸ್ಟಿಯರಿಂಗನ್ನು ಎರಡೂ ಕಡೆ ತುದಿಯವರೆಗೆ ತಿರುಗಿಸಿ, ಟೈರ್ ಚಕ್ರದ ಗೂಡಿನ ಒಳಗಿನ ಪ್ಲಾಸ್ಟಿಕ್‌ಗೆ ತಾಗುತ್ತದಾ ಅಂತ ಬಗ್ಗಿ ನೋಡಿದೆ. ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿಯೂ ನೋಡಿದೆ. ಎಲ್ಲೂ ತಾಗಲಿಲ್ಲ. ಒಂದಕ್ಕೆ ಸುಮಾರು 7,500 ರೂಪಾಯಿ ಬಿತ್ತು. ಸೈಜ್ ಬದಲಿಸಿದ್ದನ್ನು ಇನ್ಶೂರೆನ್ಸ್‌ನವರಿಗೆ ಇಮೇಲ್ ಮಾಡಿ ತಿಳಿಸಿದೆ.

ಬದಲಾವಣೆ ಏನು? ಮುಂಚೆ ಸ್ಪೀಡೊಮೀಟರ್ 100 ತೋರಿಸುವಾಗ ಜಿಪಿಎಸ್ 96 ಹೇಳುತ್ತಿತ್ತು, ಈಗ 98. ಓಡೊಮೀಟರ್ ಮಾತ್ರ ಮೊದಲಿಗಿಂತ ಶೇಕಡಾ 2 ಕಡಿಮೆ ಲೆಕ್ಕ ಹಾಕುತ್ತದೆ, ಮೈಲೇಜ್ ನೋಡುವಾಗ ಅದನ್ನು ಸೇರಿಸಿಕೊಳ್ಳಬೇಕು. ಪಿಕಪ್ ಒಂದು ಕೂದಲೆಳೆ ಮಂದ. ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಬರುತ್ತಿದ್ದ ಚುರುಕು ತುಸು ಕಡಿಮೆಯಾಗಿದೆ, ಅದು ಎತ್ತರದ ಗೋಡೆಗೆ ಕೊಟ್ಟ ಬೆಲೆ. ಸ್ಟೆಪ್ನಿ ಹಳೇ ಸೈಜಿನದೇ ಇದೆ, ಹಾಕುವ ಪ್ರಸಂಗ ಬಂದರೆ ಹತ್ತಿರದ ಪಂಕ್ಚರ್ ಅಂಗಡಿವರೆಗೆ ಮಾತ್ರ, ಅದೂ ನಿಧಾನಕ್ಕೆ.

ಮರುವರ್ಷ ಜುಲೈನಲ್ಲಿ ಮತ್ತೆ ಅದೇ ಘಾಟಿ, ಅದೇ ಮಳೆ. ಆ ತಿರುವು ಬಂದಾಗ ಕೈ ತಾನಾಗಿಯೇ ಬಿಗಿಯಾಯಿತು. ಬ್ರೇಕ್ ಒತ್ತಿದೆ. ಪೆಡಲ್ ನಡುಗಲಿಲ್ಲ. ತಿರುಗಿಸಿದ ಕಡೆಗೆ ಮೂತಿ ತಿರುಗಿತು. ಹಿಂದೆ ಅಮ್ಮ ನಿದ್ದೆಯಲ್ಲಿದ್ದರು.