ಫಾರ್ಮ್ಯಾಟ್ ಮಾಡಿಸುವ ಮೊದಲು ತಾರೀಖು ನೋಡಿ

ಹಳೇ ಕಂಪ್ಯೂಟರ್ ಸ್ವಲ್ಪ ಕಾಟ ಕೊಟ್ಟರೂ ‘ಫಾರ್ಮ್ಯಾಟ್ ಮಾಡಿಸಿಬಿಡಿ’, ಅಂದರೆ ಇರುವುದನ್ನೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸಿ, ಅನ್ನುವವರೇ ಜಾಸ್ತಿ. ಅದು ಕಟ್ಟಕಡೆಯ ದಾರಿ. ಅದಕ್ಕೂ ಮೊದಲು ಮನೆಯಲ್ಲೇ ಮಾಡಿ ನೋಡಬಹುದಾದ ಕೆಲಸಗಳಿವೆ. ಇಲ್ಲಿರುವುದು ವಿಂಡೋಸ್ 10 ಹಾಕಿದ ಡೆಸ್ಕ್‌ಟಾಪ್‌ಗೆ.

ನೆಟ್ ಬರುತ್ತಿದೆ, ಆದರೆ ಜಿಮೇಲ್ ಇರಲಿ, ಬ್ಯಾಂಕ್ ಇರಲಿ, ಯಾವುದನ್ನು ತೆರೆದರೂ ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ವೈರಸ್ ಎಂದು ಗಾಬರಿಯಾಗುವ ಮುಂಚೆ ಪರದೆಯ ಕೆಳಗೆ ಬಲಮೂಲೆಯಲ್ಲಿರುವ ತಾರೀಖು ನೋಡಿ. ಪ್ರತಿ ಸೈಟಿನ ಭದ್ರತಾ ಸರ್ಟಿಫಿಕೇಟ್‌ಗೂ ಇಂತಿಷ್ಟು ಅವಧಿ ಎಂದಿರುತ್ತದೆ. ಕಂಪ್ಯೂಟರ್ 2012ರಲ್ಲೇ ನಿಂತಿದ್ದರೆ ಆ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೇ ಬಂದಿಲ್ಲ ಎಂದು ಬ್ರೌಸರ್ ತಿರಸ್ಕರಿಸುತ್ತದೆ. ತಾರೀಖಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಅಡ್ಜಸ್ಟ್ ಡೇಟ್/ಟೈಮ್’ ಒತ್ತಿ, ಸರಿಪಡಿಸಿ.

ಸ್ವಿಚ್ ಆಫ್ ಮಾಡಿ ಮತ್ತೆ ಹಾಕಿದಾಗಲೆಲ್ಲ ತಾರೀಖು ಹಿಂದಕ್ಕೆ ಓಡುತ್ತಿದೆಯಾ? ಹಾಗಾದರೆ ಮದರ್‌ಬೋರ್ಡ್ ಮೇಲಿನ, ಕಂಪ್ಯೂಟರ್ ಆಫ್ ಇದ್ದಾಗಲೂ ಗಡಿಯಾರ ನಡೆಸುವ ಸೆಲ್ ಸತ್ತಿರುವ ಸಾಧ್ಯತೆಯೇ ಹೆಚ್ಚು. ಸಾಮಾನ್ಯವಾಗಿ ಅದು ಸಿಆರ್2032, 3 ವೋಲ್ಟಿನ ಬಿಲ್ಲೆ ಸೆಲ್. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು, ಆಮೇಲೆ ಪಕ್ಕದ ಮುಚ್ಚಳ ಬಿಚ್ಚಿ. ಸೆಲ್ ಪಕ್ಕದ ಚಿಕ್ಕ ಕ್ಲಿಪ್ಪನ್ನು ಉಗುರಿನಿಂದ ಹೊರಕ್ಕೆ ತಳ್ಳಿದರೆ ಅದು ಮೇಲೆದ್ದು ಬರುತ್ತದೆ. ಹೊಸದನ್ನೂ ಹಳೆಯದು ಕೂತಿದ್ದ ದಿಕ್ಕಿಗೇ ಕೂರಿಸಿ. ಒಂದು ಮಾತು: ಸೆಲ್ ತೆಗೆದಾಗ ಬಯೋಸ್ (ವಿಂಡೋಸ್‌ಗೂ ಮೊದಲು ಏಳುವ ಪ್ರೋಗ್ರಾಂ) ಸೆಟ್ಟಿಂಗ್ ಅಳಿಸಿಹೋಗಬಹುದು. ವಿಂಡೋಸ್ ಏಳದಿದ್ದರೆ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋಗಿ, ಬೂಟ್ ಸಾಲಿನಲ್ಲಿ (ಯಾವುದರಿಂದ ಮೊದಲು ಶುರುವಾಗಬೇಕು ಎಂಬ ಪಟ್ಟಿ) ನಿಮ್ಮ ಹಾರ್ಡ್ ಡಿಸ್ಕ್ ಮೊದಲಿದೆಯಾ, ಸಾಟಾ ಮೋಡ್ (ಡಿಸ್ಕ್ ಜೊತೆ ಕೆಲಸ ಮಾಡುವ ರೀತಿ) ಬದಲಾಗಿದೆಯಾ ನೋಡಿ. ಬಿಚ್ಚುವ ಮೊದಲೇ ಆ ಪುಟಗಳ ಫೋಟೊ ತೆಗೆದಿಟ್ಟುಕೊಂಡರೆ ತಲೆನೋವಿಲ್ಲ.

ಇನ್ನು ನಿಧಾನದ ರೋಗ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಸ್ಟಾರ್ಟ್‌ಅಪ್’ ಟ್ಯಾಬ್ ಇದೆ. ಕಂಪ್ಯೂಟರ್ ಆನ್ ಆಗುತ್ತಲೇ ಸುಮ್ನೆ ಎದ್ದು ಕೂರುವ ಪ್ರೋಗ್ರಾಂಗಳೆಲ್ಲ ಅಲ್ಲಿರುತ್ತವೆ. ಆಂಟಿವೈರಸ್ ಬಿಟ್ಟು, ಬೇಡದ್ದನ್ನು ಡಿಸೇಬಲ್ ಮಾಡಿ. ಅದರಿಂದ ಪ್ರೋಗ್ರಾಂ ಅಳಿಸಿಹೋಗುವುದಿಲ್ಲ.

ಸಿ ಡ್ರೈವ್ ತುಂಬಿದ್ದರೆ ಬೇಡದ ಫೈಲುಗಳನ್ನು ಅಳಿಸುವ ‘ಡಿಸ್ಕ್ ಕ್ಲೀನಪ್’ ಇದೆ. ಟಿಕ್ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ, ಹುಷಾರು. ವಿಂಡೋಸ್ 10ರ ಕೆಲವು ಆವೃತ್ತಿಗಳಲ್ಲಿ ‘ಡೌನ್‌ಲೋಡ್ಸ್’ ಫೋಲ್ಡರ್ ಕೂಡ ಆ ಪಟ್ಟಿಯಲ್ಲಿರುತ್ತದೆ. ನೀವು ಇಳಿಸಿಕೊಂಡ ಮಾರ್ಕ್ಸ್‌ಕಾರ್ಡು, ಪಹಣಿ ಎಲ್ಲ ಅಲ್ಲೇ ಇರುವುದು, ಅಲ್ವಾ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ (ಭದ್ರತಾ ಅಪ್‌ಡೇಟ್ ಸೇರಿ) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಹಳೇ ಯಂತ್ರದಲ್ಲಿ ಹಣದ ವ್ಯವಹಾರ ಕಡಿಮೆ ಮಾಡುವುದು ಒಳ್ಳೆಯದು.

ಕೊನೆಗೂ ಫಾರ್ಮ್ಯಾಟ್ ಮಾಡಿಸಲೇಬೇಕಾಗಿ ಬಂದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟ್‌ಗಳಲ್ಲಿ ಟೈಪಿಸಿದ ಫೈಲುಗಳಿದ್ದರೆ ವಿಂಡೋಸ್ ಫೋಲ್ಡರ್‌ನೊಳಗಿನ ‘ಫಾಂಟ್ಸ್’ನಿಂದ ಆ ಫಾಂಟ್‌ಗಳನ್ನೂ ಎತ್ತಿಡಿ. ಅವಿಲ್ಲದಿದ್ದರೆ ಫೈಲ್ ತೆರೆದಾಗ ಕನ್ನಡದ ಬದಲು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.