12 ಲೈಟಿದ್ದರೂ ಹಾಲ್‌ನಲ್ಲಿ ಯಾರೂ ಕೂರುತ್ತಿರಲಿಲ್ಲ

ನಮ್ಮ ಹಾಲ್‌ನ ಫಾಲ್ಸ್ ಸೀಲಿಂಗ್‌ನಲ್ಲಿ 12 ಡೌನ್‌ಲೈಟ್ ಹಾಕಿಸಿದ್ದೆ. ಮೂರು ಸಾಲು, ಸಾಲಿಗೆ ನಾಲ್ಕು, ಅಷ್ಟಕ್ಕೂ ಒಂದೇ ಸ್ವಿಚ್. ಒತ್ತಿದರೆ ಮೂಲೆಮೂಲೆಯೂ ಬೆಳ್ಳಗೆ. ಆದರೆ ಸಂಜೆಯಾದರೆ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಅಮ್ಮ ಪುಸ್ತಕ ಹಿಡಿದು ತಮ್ಮ ರೂಮಿಗೆ ಹೋಗುತ್ತಿದ್ದರು. ನಾನು ಟಿವಿ ಹಾಕಿದ ಕೂಡಲೇ ಲೈಟ್ ಆರಿಸುತ್ತಿದ್ದೆ. ಇದ್ದರೆ ಪೂರ್ತಿ, ಇಲ್ಲದಿದ್ದರೆ ಕತ್ತಲು.

ಬೆಳಕು ಜಾಸ್ತಿಯಾಗಿದೆ ಅಂದುಕೊಂಡು ಅರ್ಧ ಲೈಟ್ ತೆಗೆದೆ. ಹಾಲ್ ಮಂಕಾಯಿತೇ ಹೊರತು ಹಾಯೆನಿಸಲಿಲ್ಲ, ಮತ್ತೆ ಹಾಕಿದೆ. ಆಮೇಲೆ ಒಂದು ರಾತ್ರಿ ಎಲ್ಲ ಆರಿಸಿ, ಹಳೆಯ ಟೇಬಲ್ ಲ್ಯಾಂಪೊಂದನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿಕೊಂಡು ಹಾಲ್ ತುಂಬಾ ಓಡಾಡಿದೆ. ಸೋಫಾದಲ್ಲಿ ಕೂತೆ, ಅಮ್ಮನ ಕುರ್ಚಿಯಲ್ಲಿ ಕೂತೆ, ಲ್ಯಾಂಪನ್ನು ಅಲ್ಲಿಟ್ಟು ಇಲ್ಲಿಟ್ಟು ನೋಡಿದೆ. "ಮನೆಗೆ ಕಳ್ಳ ಬಂದ ಹಾಗಿದೆ" ಅಂದರು ಅಮ್ಮ. ಆದರೆ ಯಾವ ಕ್ಯಾಟಲಾಗೂ ಹೇಳದ್ದು ಆ ಒಂದು ಗಂಟೆಯಲ್ಲಿ ತಿಳಿಯಿತು.

ಮೊದಲು ಅಮ್ಮನ ಕುರ್ಚಿ. ಸೀಲಿಂಗ್ ಲೈಟ್ ಇದ್ದದ್ದು ಅವರ ತಲೆಯ ಹಿಂದೆ. ಪುಟದ ಮೇಲೆ ಬೀಳುತ್ತಿದ್ದದ್ದು ಅವರದೇ ತಲೆಯ ನೆರಳು. ಸೀಲಿಂಗ್‌ನಿಂದ ಪುಸ್ತಕಕ್ಕೆ ಸುಮಾರು 2 ಮೀಟರ್ ದೂರ. ಅದೇ ಬಲ್ಬನ್ನು ಪುಸ್ತಕದಿಂದ ಅರ್ಧ ಮೀಟರ್ ದೂರಕ್ಕೆ ತಂದರೆ ಪುಟದ ಮೇಲೆ ಬೀಳುವ ಬೆಳಕು ಹೆಚ್ಚುಕಮ್ಮಿ 16 ಪಟ್ಟು. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ, ಶಾಲೆಯಲ್ಲಿ ಓದಿದ್ದೇ ಇದು. ಓದಲು ದೊಡ್ಡ ಬಲ್ಬ್ ಬೇಕಿರಲಿಲ್ಲ, ಭುಜದ ಪಕ್ಕ ಒಂದು ಲ್ಯಾಂಪ್ ಸಾಕಿತ್ತು. ಎತ್ತರಕ್ಕೂ ಲೆಕ್ಕವಿದೆ. ಕೂತಾಗ ಶೇಡ್‌ನ ಕೆಳಗಿನ ಅಂಚು ಕಣ್ಣಿನ ಮಟ್ಟಕ್ಕೆ ಬರಬೇಕು, ನೆಲದಿಂದ ಸುಮಾರು 100ರಿಂದ 110 ಸೆಂಟಿಮೀಟರ್. ಅದಕ್ಕಿಂತ ಮೇಲಿದ್ದರೆ ಬಲ್ಬೇ ಕಣ್ಣಿಗೆ ಚುಚ್ಚುತ್ತದೆ.

ಸೋಫಾದ ಕಥೆ ಬೇರೆ. ಅಲ್ಲಿ ಕೂತವರ ನೆತ್ತಿಯ ಮೇಲೇ ಎರಡು ಡೌನ್‌ಲೈಟ್. ಮೇಲಿನಿಂದ ನೇರವಾಗಿ ಬೆಳಕು ಬಿದ್ದರೆ ಕಣ್ಣಿನ ಗುಳಿ, ಮೂಗಿನ ಕೆಳಗೆ ಕಪ್ಪು ನೆರಳು. ಬಂದ ನೆಂಟರೆಲ್ಲ ವಾರದಿಂದ ನಿದ್ದೆ ಇಲ್ಲದವರಂತೆ ಕಾಣುತ್ತಿದ್ದದ್ದು ಅದಕ್ಕೇ! ಆ ಎರಡನ್ನು ತೆಗೆಸಿ ತೂತು ಮುಚ್ಚಿಸಿದೆ. ಬದಲಿಗೆ ಸೋಫಾದ ಪಕ್ಕ ಒಂದು ಟೇಬಲ್ ಲ್ಯಾಂಪ್ ಬಂತು.

ನಿಜವಾಗಿ ಆಶ್ಚರ್ಯವಾಗಿದ್ದು ಗೋಡೆಯಿಂದ. ಕೈಯಲ್ಲಿದ್ದ ಲ್ಯಾಂಪನ್ನು ಸುಮ್ನೆ ಗೋಡೆ ಕಡೆ ತಿರುಗಿಸಿದೆ, ಹಾಲ್ ದೊಡ್ಡದಾದಂತೆ ಕಂಡಿತು. ಕೂತವರ ಕಣ್ಣು ನೆಲ ನೋಡುವುದಿಲ್ಲ, ಗೋಡೆ ನೋಡುತ್ತದೆ. ಡೌನ್‌ಲೈಟ್‌ಗಳೋ ನೆಲವನ್ನು ಮಾತ್ರ ಬೆಳಗುತ್ತಿದ್ದವು. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಬಹುಪಾಲನ್ನು ವಾಪಸ್ ಕೊಡುತ್ತದೆ. ಕಡು ಬಣ್ಣದ್ದು ನುಂಗಿಬಿಡುತ್ತದೆ. ನಮ್ಮ ಒಂದು ಗೋಡೆ ಕಡುನೀಲಿ, ಅದಕ್ಕೆ ಎಷ್ಟು ಬೆಳಕು ಸುರಿದರೂ ಅಷ್ಟೇ. ಹಾಗಾಗಿ ಅದರ ಎದುರಿನ ತಿಳಿ ಬಣ್ಣದ ಗೋಡೆಗೆ ಹತ್ತಿರವಿದ್ದ ನಾಲ್ಕು ಲೈಟ್ ತೆಗೆದು, ಗೋಡೆ ಕಡೆ ಓರೆ ಮಾಡಬಹುದಾದ ಲೈಟ್ ಹಾಕಿಸಿದೆ. ಈಗ ಸಂಜೆ ಮೊದಲು ಹತ್ತುವುದು ಅವೇ.

ಬಣ್ಣದ ವಿಷಯಕ್ಕೆ ಬಂದರೆ, ಹಳೆಯ ಲೈಟೆಲ್ಲ 6500 ಕೆಲ್ವಿನ್. ಈ ಸಂಖ್ಯೆ ಇಳಿದಷ್ಟೂ ಬೆಳಕು ಹಳದಿಯಾಗುತ್ತದೆ. 2700, 3000, 4000, ಒಂದೊಂದು ಬಲ್ಬ್ ತಂದು ಒಂದೇ ಲ್ಯಾಂಪಿಗೆ ಹಾಕಿ ಸೋಫಾದ ಪಕ್ಕ ನೋಡಿದೆ. 4000 ಆಫೀಸಿನಂತಿತ್ತು. ನನಗೆ ಹಿಡಿಸಿದ್ದು 2700, ಅಮ್ಮನಿಗೆ 3000. ಎರಡನ್ನೂ ಬೆರೆಸಿದರೆ ಒಂದು ಇನ್ನೊಂದರ ಪಕ್ಕ ಕೊಳಕಾಗಿ ಕಾಣುತ್ತದೆ. ಕೊನೆಗೆ ಎಲ್ಲ ಕಡೆ 3000, ಅಮ್ಮನೇ ಗೆದ್ದರು. ಆಗ ಇನ್ನೊಂದು ಕಂಡಿತು. ಒಂದು ಬಲ್ಬಿನ ಕೆಳಗೆ ಕೆಂಪು ದಿಂಬು ಕಂದು ಬಣ್ಣಕ್ಕೆ ತಿರುಗಿತ್ತು. ಬಾಕ್ಸ್ ಮೇಲೆ ಸಿಆರ್‌ಐ 80 ಅಂತಿತ್ತು, ಅಂದರೆ ಬಣ್ಣಗಳನ್ನು ಬಲ್ಬ್ ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವುದಕ್ಕೆ ನೂರಕ್ಕೆ ಕೊಡುವ ಅಂಕ. 90 ಇರುವ ಬಲ್ಬ್ ಹಾಕಿದೆ, ದಿಂಬು ಮತ್ತೆ ಕೆಂಪಾಯಿತು. ಅಂಗಡಿಯಲ್ಲಿ ಎಲ್ಲರೂ ವಾಟ್ ಕೇಳುತ್ತಾರೆ. ನೋಡಬೇಕಾದದ್ದು ಲ್ಯೂಮೆನ್, ಅಂದರೆ ಬಲ್ಬ್ ಕೊಡುವ ಒಟ್ಟು ಬೆಳಕಿನ ಅಳತೆ. ಹಳೆಯ 60 ವಾಟ್ ಬುರುಡೆ ಬಲ್ಬ್ ಕೊಡುತ್ತಿದ್ದ ಸುಮಾರು 800 ಲ್ಯೂಮೆನ್ ಈಗ 8ರಿಂದ 9 ವಾಟ್ ಎಲ್‌ಇಡಿಯಲ್ಲಿ ಸಿಗುತ್ತದೆ. ಓದುವ ಲ್ಯಾಂಪಿಗೆ ಅಷ್ಟಿಟ್ಟೆ, ಸೋಫಾ ಪಕ್ಕದ್ದಕ್ಕೆ ಅದರ ಅರ್ಧ.

ಬೆಳಕನ್ನು ಏರಿಸಿ ಇಳಿಸುವ ಡಿಮ್ಮರ್‌ನಲ್ಲಿ ಎಡವಿದೆ. ಮನೆಯಲ್ಲಿದ್ದ ಹಳೆಯ ಡಿಮ್ಮರ್ ಹಾಕಿಸಿದೆ. ಬೆಳಕು ಇಳಿಸಿದರೆ ಲೈಟ್ ಮಿನುಗುತ್ತಿತ್ತು, ಜೊತೆಗೆ ಗುಂಯ್ ಅನ್ನುವ ಸದ್ದು. ಎರಡು ತಪ್ಪು ಒಟ್ಟಿಗೆ ಆಗಿತ್ತು. ಲೈಟ್ ಡಿಮ್ ಆಗುವ ಜಾತಿಯದ್ದಲ್ಲ, ಡಿಮ್ಮರ್ ಹಳೆಯ ಬುರುಡೆ ಬಲ್ಬಿನ ನೂರಾರು ವಾಟ್ ಲೋಡಿಗೆ ಮಾಡಿದ್ದು. ಬಾಕ್ಸ್ ಮೇಲೆ ಡಿಮ್ಮಬಲ್ ಅಂತ ಬರೆದ ಲೈಟ್, ಎಲ್‌ಇಡಿಗೆಂದೇ ಬರುವ ಡಿಮ್ಮರ್, ಎರಡನ್ನೂ ತಂದ ಮೇಲೆ ಸರಿಹೋಯಿತು.

ಟಿವಿ ಹಿಂದೆ ಸ್ಟ್ರಿಪ್ ಲೈಟ್ ಅಂಟಿಸಿದ್ದು ಒಳ್ಳೆಯ ಕೆಲಸ. ಕತ್ತಲ ಗೋಡೆಯ ನಡುವೆ ಪರದೆ ಮಾತ್ರ ಉರಿಯುವುದು ತಪ್ಪಿತು, ಕಣ್ಣಿಗೆ ಆರಾಮ. ಆದರೆ ಮೊದಲ ಸಲ ಹಾಗೇ ಅಂಟಿಸಿದ್ದರಿಂದ ಕೆಳಗಿನ ಗಾಜಿನಲ್ಲಿ ಚುಕ್ಕಿ ಚುಕ್ಕಿ ಸಾಲು ಕಾಣುತ್ತಿತ್ತು. ಹಾಲು ಬಣ್ಣದ ಮುಚ್ಚಳವಿರುವ ಅಲ್ಯೂಮಿನಿಯಂ ಚಾನೆಲ್ ಒಳಗೆ ಕೂರಿಸಿದ ಮೇಲೆ ಚುಕ್ಕಿ ಹೋಯಿತು.

ಇಷ್ಟರಲ್ಲಿ ನನಗೆ ತುಂಬಾ ಉಪಯೋಗವಾಗಿದ್ದು ಲೈಟಲ್ಲ, ವೈರಿಂಗ್. ಲ್ಯಾಂಪ್ ತಂದವರೆಲ್ಲ ಕೆಲವೇ ದಿನದಲ್ಲಿ ಬಿಟ್ಟುಬಿಡುವುದು ಯಾಕೆ? ಪ್ರತಿ ಸಲ ಬಗ್ಗಿ ಹಚ್ಚಬೇಕಲ್ವಾ, ಅದಕ್ಕೆ. ನಾನು ಎರಡೂ ಲ್ಯಾಂಪಿನ ಪ್ಲಗ್ ಪಾಯಿಂಟನ್ನು ಬಾಗಿಲ ಪಕ್ಕದ ಸ್ವಿಚ್ ಬೋರ್ಡಿಗೆ ಎಳೆಸಿದೆ. ಒಳಗೆ ಬಂದು ಒಂದು ಸ್ವಿಚ್ ಒತ್ತಿದರೆ ಎರಡೂ ಹತ್ತುತ್ತವೆ. ಗೋಡೆಯ ಲೈಟಿಗೆ ಇನ್ನೊಂದು ಸ್ವಿಚ್, ಉಳಿದ ಡೌನ್‌ಲೈಟಿಗೆ ಮತ್ತೊಂದು. ಗೋಡೆ ಕೊರೆಸಿ ಹೊಸ ವೈರ್ ಎಳೆಸಿದ್ದರಿಂದ ಮೂರು ದಿನ ಮನೆಯೆಲ್ಲ ಧೂಳು. ಪೇಂಟ್ ಮಾಡಿಸುವ ಮೊದಲೇ ಯೋಚಿಸಿದ್ದರೆ ಅದು ತಪ್ಪುತ್ತಿತ್ತು.

ಸೀಲಿಂಗ್‌ನ ಹಳೆಯ ಲೈಟ್‌ಗಳಲ್ಲಿ ಈಗ ಉಳಿದಿರುವುದು ಆರು. ಕಸ ಗುಡಿಸುವಾಗ, ಸೋಫಾ ಕೆಳಗೆ ಉರುಳಿದ ಗುಂಡಿ ಹುಡುಕುವಾಗ ಹಚ್ಚುತ್ತೇವೆ. ಅಮ್ಮನ ಪುಸ್ತಕ ಹಾಲ್‌ಗೆ ವಾಪಸ್ ಬಂದಿದೆ. ಗಾಜಿನ ಫ್ರೇಮಿನ ಫೋಟೋ ಒಂದರಲ್ಲಿ ಮಾತ್ರ ಲ್ಯಾಂಪ್ ಇನ್ನೂ ಹೊಳೆಯುತ್ತದೆ. ಎರಡು ಸಲ ಜಾಗ ಬದಲಿಸಿ ಆಯಿತು, ಮುಂದಿನ ಭಾನುವಾರ ಮೂರನೇ ಸಲ.