ಶಿರಸಿಯ ಜಗಲಿಯಿಂದ ಮುಂಬೈಯ ಕಂಪ್ಯೂಟರಿಗೆ

ಅಪ್ಪಯ್ಯ ಕೂಡಿಟ್ಟಿದ್ದ ತಾಳಮದ್ದಲೆಯ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯುತ್ತಿತ್ತು. ಶಿರಸಿ ಸೀಮೆಯ ಮಳೆಗಾಲಕ್ಕೆ ಟೇಪು ತಡೆಯುವುದಿಲ್ಲ. ಒಂದೊಂದನ್ನೇ ಒರೆಸಿ, ಕಂಪ್ಯೂಟರಿಗೆ ಇಳಿಸಿ, ಇನ್ನೊಂದು ಪ್ರತಿಯನ್ನು ಮನೆಯಿಂದ ದೂರದಲ್ಲಿಡಬೇಕು ಎಂದುಕೊಂಡೆ. ಸಿಡಿಲಿಗೆ ಒಮ್ಮೆ ಹಾರ್ಡ್ ಡಿಸ್ಕ್ ಕಳೆದುಕೊಂಡವನು ನಾನು. ಹಾಗಾಗಿ ಮುಂಬೈಯಲ್ಲಿರುವ, ಉಬುಂಟು ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕಿದ ಒಂದು ಸರ್ವರನ್ನು, ಅಂದರೆ ಸದಾ ಜಾಲದಲ್ಲಿರುವ ಕಂಪ್ಯೂಟರನ್ನು, ತಿಂಗಳ ಬಾಡಿಗೆಗೆ ಹಿಡಿದೆ.

ಮೇಜಿನ ಮೇಲಿರುವುದು ವಿಂಡೋಸ್ 10. 2018ರಿಂದೀಚೆಗೆ ಅದರೊಳಗೇ ಓಪನ್‌ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಗೂಢಲಿಪಿಯಲ್ಲಿ ಸಂಪರ್ಕ ಕಟ್ಟುವ ಎಸ್‌ಎಸ್‌ಎಚ್ ವಿಧಾನದ ತಂತ್ರಾಂಶ) ಬರುತ್ತದೆ, ಬೇರೆ ತಂತ್ರಾಂಶ ಬೇಕಾಗಲಿಲ್ಲ. ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಪವರ್‌ಶೆಲ್ ತೆರೆದು ಸರ್ವರ್‌ನ ವಿಳಾಸ ಕೊಟ್ಟೊಡನೆ ಒಂದು ಪ್ರಶ್ನೆ ಬಂತು: ಈ ಯಂತ್ರದ ಗುರುತು ನನಗೆ ಗೊತ್ತಿಲ್ಲ, ಇದರ ಬೆರಳಚ್ಚು ಇದು, ಮುಂದುವರಿಯಲೇ? ಬೆರಳಚ್ಚು ಎಂದರೆ ಸರ್ವರ್‌ನ ಕೀಲಿಯಿಂದ ಎಸ್‌ಎಚ್‌ಎ256 ಎಂಬ ಲೆಕ್ಕದಲ್ಲಿ ತೆಗೆದ ಚಿಕ್ಕ ಗುರುತು. ಆ ಹೆಸರಿನ ಮುಂದೆ 43 ಅಕ್ಷರಗಳ ಸಾಲು. ಬಹುತೇಕರು ಇಲ್ಲಿ ಓದದೆಯೇ ಹೌದು ಎನ್ನುತ್ತಾರೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಬೇರೆ ಇಲ್ಲ. ಮುಂದೆ ಸಾಗುವುದೆಲ್ಲ ಗೂಢಲಿಪಿಯಲ್ಲಿ ಸಾಗುತ್ತದೆ, ನಿಜ. ಆದರೆ ಆ ಗೂಢಲಿಪಿಯ ಇನ್ನೊಂದು ತುದಿಯಲ್ಲಿ ಯಾರಿದ್ದಾರೆ ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ. ಬಾಡಿಗೆ ಕೊಟ್ಟವರ ಜಾಲತಾಣದಲ್ಲಿ ಸರ್ವರ್‌ನ ಪರದೆಯನ್ನೇ ನೇರವಾಗಿ ತೋರಿಸುವ ಕಿಟಕಿ ಇದೆ. ಅದರಲ್ಲಿ ಬೆರಳಚ್ಚನ್ನು ತೆರೆದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ತಾಳೆ ನೋಡಿದೆ. ಎರಡು ನಿಮಿಷ ಹಿಡಿಯಿತು.

ಮರುದಿನ ಬೆಳಿಗ್ಗೆ ಸರ್ವರ್‌ನ ಲಾಗಿನ್ ದಾಖಲೆ ನೋಡಿದರೆ, ಗೊತ್ತಿಲ್ಲದ ವಿಳಾಸಗಳಿಂದ ರೂಟ್, ಅಡ್ಮಿನ್, ಟೆಸ್ಟ್ ಎಂಬ ಹೆಸರುಗಳಲ್ಲಿ ರಾತ್ರಿಯಿಡೀ ಬಾಗಿಲು ತಟ್ಟಿದ್ದಾರೆ. ಎಸ್‌ಎಸ್‌ಎಚ್ ಸಾಮಾನ್ಯವಾಗಿ ಬಳಸುವ ಜಾಲದ ಬಾಗಿಲಾದ 22ನೇ ಪೋರ್ಟ್ ತೆರೆದಿರುವ ಯಂತ್ರಗಳನ್ನು ಹುಡುಕಿ ಪಾಸ್‌ವರ್ಡ್ ಊಹಿಸುತ್ತ ಹೋಗುವ ಪ್ರೋಗ್ರಾಂಗಳ ಕೆಲಸವದು. 1995ರಲ್ಲಿ ಫಿನ್ಲೆಂಡಿನ ತಾತು ಯುಲೋನೆನ್ ಎಸ್‌ಎಸ್‌ಎಚ್ ಬರೆದದ್ದೇ ತಮ್ಮ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳು ಕಳುವಾದ ಮೇಲೆ. ದಾರಿಯಲ್ಲಿ ಕದಿಯುವವರನ್ನು ಅದು ತಡೆಯಿತು. ಊಹಿಸುವವರನ್ನು ತಡೆಯಬೇಕಾದವನು ನಾನು. ಪಾಸ್‌ವರ್ಡಿನ ದಾರಿಯನ್ನೇ ಮುಚ್ಚುವುದೆಂದು ನಿಶ್ಚಯಿಸಿದೆ.

ಎಸ್‌ಎಸ್‌ಎಚ್-ಕೀಜೆನ್ ಆದೇಶದಿಂದ ಇಡಿ25519 ಬಗೆಯ ಕೀಲಿಯ ಜೋಡಿ ಮಾಡಿಕೊಂಡೆ. ಸಾರ್ವಜನಿಕ ಕೀಲಿ ಸರ್ವರ್‌ನಲ್ಲಿದ್ದರೆ, ಅದರ ಜೋಡಿಯಾದ ಖಾಸಗಿ ಕೀಲಿ ಇರುವವನಿಗೆ ಪಾಸ್‌ವರ್ಡ್ ಇಲ್ಲದೆಯೇ ಬಾಗಿಲು ತೆರೆಯುತ್ತದೆ. ಖಾಸಗಿ ಕೀಲಿ ನನ್ನ ಡೆಸ್ಕ್‌ಟಾಪ್‌ನಲ್ಲಿಯೇ ಉಳಿಯಿತು, ಅದಕ್ಕೊಂದು ಉದ್ದನೆಯ ಗುಪ್ತವಾಕ್ಯವನ್ನೂ ಕೊಟ್ಟೆ. ಸಾರ್ವಜನಿಕ ಕೀಲಿಯ ಒಂದು ಸಾಲನ್ನು ಸರ್ವರ್‌ನಲ್ಲಿ ನನ್ನ ಖಾತೆಯ ಆಥರೈಸ್ಡ್ ಕೀಸ್ ಕಡತಕ್ಕೆ ಸೇರಿಸಿದೆ. ಆದರೂ ಅದು ಪಾಸ್‌ವರ್ಡನ್ನೇ ಕೇಳಿತು. ಒಂದು ಸಂಜೆ ಪೂರ್ತಿ ಕೀಲಿಯನ್ನೇ ಮತ್ತೆ ಮತ್ತೆ ಮಾಡಿದೆ. ತಪ್ಪು ಕೀಲಿಯದಾಗಿರಲಿಲ್ಲ. ಕಡತವಿದ್ದ ಫೋಲ್ಡರಿಗೆ ಇತರರೂ ಬರೆಯಬಹುದಾದ ಅನುಮತಿ ಇತ್ತು. ಹಾಗಿದ್ದರೆ ಸರ್ವರ್ ಆ ಕೀಲಿಯನ್ನು ನಂಬುವುದಿಲ್ಲ. ಕಾರಣವನ್ನು ನಮ್ಮ ಪರದೆಗೆ ಹೇಳುವುದೂ ಇಲ್ಲ, ತನ್ನ ದಾಖಲೆಯಲ್ಲಿ ಮಾತ್ರ ಬರೆದುಕೊಳ್ಳುತ್ತದೆ. ಅನುಮತಿಯನ್ನು ಫೋಲ್ಡರಿಗೆ 700, ಕಡತಕ್ಕೆ 600 ಎಂದು, ಅಂದರೆ ನನಗೊಬ್ಬನಿಗೇ ಎಂದು ಬದಲಿಸಿದ ಕೂಡಲೇ ಬಾಗಿಲು ತೆರೆಯಿತು.

ಪಾಸ್‌ವರ್ಡ್ ಮುಚ್ಚುವಾಗ ಒಂದು ಕಿಟಕಿಯಲ್ಲಿ ಲಾಗಿನ್ ಆಗಿಯೇ ಇದ್ದು, ಇನ್ನೊಂದರಲ್ಲಿ ಪರೀಕ್ಷಿಸಿದೆ. ಎಡವಿದರೆ ಒಳಗಿದ್ದವನು ಸರಿಪಡಿಸಬಹುದಲ್ಲ. ಸರ್ವರ್‌ನ ಎಸ್‌ಎಸ್‌ಎಚ್ ಸೆಟ್ಟಿಂಗ್‌ಗಳ ಮುಖ್ಯ ಕಡತದಲ್ಲಿ ಬೇಡ ಎಂದು ಬರೆದರೂ ಪಾಸ್‌ವರ್ಡ್ ನಡೆಯುತ್ತಲೇ ಇತ್ತು. ಉಬುಂಟುವಿನಲ್ಲಿ ಪಕ್ಕದ ಫೋಲ್ಡರಿನ ಚಿಕ್ಕ ಕಡತಗಳನ್ನು ಸರ್ವರ್ ಮೊದಲು ಓದುತ್ತದೆ, ಮೊದಲು ಸಿಕ್ಕಿದ ಮಾತೇ ಊರ್ಜಿತ. ಅಲ್ಲಿ 50 ಎಂಬ ಅಂಕೆಯಿಂದ ಶುರುವಾಗುವ ಕಡತವೊಂದು ಪಾಸ್‌ವರ್ಡ್ ಇರಲಿ ಎನ್ನುತ್ತಿತ್ತು. ಅದನ್ನೂ ತಿದ್ದಿದೆ.

ಇನ್ನು ಕರೆಂಟಿನ ಮಾತು. ಕ್ಯಾಸೆಟ್ಟಿನ ಒಂದು ಬದಿಯ 45 ನಿಮಿಷ, ಕುಗ್ಗಿಸದೆ ಇಟ್ಟರೆ ಸುಮಾರು 475 ಎಂಬಿ. ಪುನರ್ವಸು ಮಳೆಯಲ್ಲಿ ಅಷ್ಟನ್ನು ಕಳಿಸಿ ಮುಗಿಯುವವರೆಗೆ ವಿದ್ಯುತ್ತು ಹೋಗದೆ ಇರುವುದು ಅಪರೂಪ. ಎಸ್‌ಎಸ್‌ಎಚ್ ಮೂಲಕ ಕಡತ ಸಾಗಿಸುವ ಎಸ್‌ಎಫ್‌ಟಿಪಿಯ ರೀಪುಟ್ ಆದೇಶ ನಿಂತಲ್ಲಿಂದಲೇ ಮುಂದುವರಿಸುತ್ತದೆ. ಕೊನೆಯಲ್ಲಿ ಎರಡೂ ಕಡೆಯ ಕಡತಗಳ ಎಸ್‌ಎಚ್‌ಎ256 ಮೊತ್ತ ಹೊಂದಿದ ಮೇಲೆಯೇ ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಗುರುತು ಹಾಕುತ್ತೇನೆ.

ಕಾರವಾರದಲ್ಲಿರುವ ಭಾವನ ಬಳಿಯೂ ಕ್ಯಾಸೆಟ್‌ಗಳಿವೆ. ಅವನು ಫೋನಿನಲ್ಲಿ, "ನಿನ್ನ ಕೀಲಿಯನ್ನೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸು, ನಾನೂ ಹಾಕುತ್ತೇನೆ" ಎಂದ.

"ಇಲ್ಲ ಭಾವ, ಅದು ಈ ಮನೆ ಬಿಟ್ಟು ಹೋಗುವುದಿಲ್ಲ. ನೀನೇ ಒಂದು ಮಾಡಿಕೊ, ಸಾರ್ವಜನಿಕ ಸಾಲು ಮಾತ್ರ ನನಗೆ ಕಳಿಸು."

ಅವನಿಗೆ ಬೇರೆ ಖಾತೆ ತೆರೆದೆ. ಸಾಲು ಬಂದ ಮೇಲೆ ಅದರ ಬೆರಳಚ್ಚನ್ನು ಅವನು ಫೋನಿನಲ್ಲಿ ಓದುತ್ತ ಹೋದ, ನಾನು ನನ್ನ ಪರದೆಯಲ್ಲಿ ಒಂದೊಂದೇ ಅಕ್ಷರ ಒಪ್ಪುತ್ತ ಬಂದೆ. ಆ ರಾತ್ರಿಯೇ ಅವನ ಮೊದಲ ಕ್ಯಾಸೆಟ್ಟಿನ ಎ ಬದಿ ಮುಂಬೈ ಸೇರಿತು.